ಜಗ್ಗಿದ ಕೈ

ಇಂಡಿ ಊರಿನ ಮದುವೆ ಮಂಟಪದಲ್ಲಿ ನನ್ನ ಬಲಗೈ ಹಿಡಿದು ಜಗ್ಗಿದವರು ನನ್ನ ಸ್ವಂತ ಅಣ್ಣನ ಹೆಂಡತಿ, ನನ್ನ ವೈನಿ. ಈ ಮಾತನ್ನು ಮೊದಲೇ ಬರೆದುಬಿಡುತ್ತೇನೆ, ಯಾಕೆಂದರೆ ಇದನ್ನು ನಮ್ಮ ಬಳಗದಲ್ಲಿ ಯಾರ ಬಾಯಿಂದಲೂ ನಾನು ಕೇಳಿಲ್ಲ. ವೈನಿ "ಅದು ಮೊದಲ ಹೋದ ಕೈ ಇತ್ತು" ಎನ್ನುತ್ತಾರೆ. ಅಣ್ಣ "ಆಗೂದು ಆತು, ಬಿಡು" ಎನ್ನುತ್ತಾನೆ. ನಮ್ಮ ಮನೆಯವರು ಏನೂ ಅನ್ನುವುದಿಲ್ಲ. ಬಾಗೇವಾಡಿಯಲ್ಲಿ ಎಲ್ಲರೂ ಅವರನ್ನು ದೇವರಂಥ ಮನುಷ್ಯ ಎನ್ನುತ್ತಾರೆ. ನಿಜ, ದೇವರ ಹಾಗೆಯೇ, ಎಷ್ಟು ಕೇಳಿದರೂ ಉತ್ತರ ಬರುವುದಿಲ್ಲ.

ನಮ್ಮ ಕಡೆ ಪ್ರೀತಿ ಎಂದರೆ ಬಾಯಿಮಾತಲ್ಲ, ರಟ್ಟೆ ಹಿಡಿಯುವುದು. ಉಂಡೆ ಎಂದರೆ ನಂಬುವುದಿಲ್ಲ, ಒಲ್ಲೆ ಎಂದರೆ ಬಿಂಕ ಎಂದುಕೊಳ್ಳುತ್ತಾರೆ. ರಟ್ಟೆ ಹಿಡಿದು ಎಬ್ಬಿಸಿ, ಪಂಕ್ತಿಯಲ್ಲಿ ಕೂಡಿಸಿ, ಬೇಡ ಬೇಡ ಎಂದು ಅಡ್ಡ ಹಿಡಿದ ಕೈ ಸರಿಸಿ ಹೋಳಿಗೆ ಹಾಕಿದರೇನೇ ಕರೆದವರಿಗೆ ಸಮಾಧಾನ. ಹೀಗೆ ಎಳೆಸಿಕೊಳ್ಳದೆ ಎದ್ದು ಹೋಗಿ ಉಂಡು ಬಂದವರನ್ನು ನೋಡಿ "ಹಸಿದ ಬಂದಿತ್ತು ಪಾಪ" ಎಂದು ನಗುವವರೂ ಇದ್ದಾರೆ. ಹಾಗಾಗಿ ಎಳೆಯುವವರೂ ಎಳೆಯುತ್ತಾರೆ, ಎಳೆಸಿಕೊಳ್ಳುವವರೂ ಒಂದಿಷ್ಟು ಹೊತ್ತು ಗಟ್ಟಿಯಾಗಿ ಕೂತಿರುತ್ತಾರೆ. ನಾನೂ ಆಯುಷ್ಯವಿಡೀ ಎಳೆಸಿಕೊಂಡವಳೇ.

ಆ ದಿನ ಮಾತ್ರ ನನ್ನ ಊಟ ನಿಜವಾಗಿಯೂ ಆಗಿತ್ತು. ಮೊದಲ ಪಂಕ್ತಿಯಲ್ಲೇ ಉಂಡು, ಕಂಬಕ್ಕೆ ಬೆನ್ನು ಕೊಟ್ಟು ಜಮಖಾನದ ಮೇಲೆ ಕೂತಿದ್ದೆ. ಮದುವೆ ವೈನಿಯ ತಂಗಿಯ ಮಗಳದ್ದು. ಹೀಗಾಗಿ ಅವರಿಗೆ ಅಂದು ಮೈಯೆಲ್ಲ ಹುಮ್ಮಸ್ಸು.

"ಏಳವ್ವಾ, ಉಣ್ಣಾಕ ಏಳ. ಹಿಂಗ ಕುಂತರ ಹೆಂಗ?" ಎಂದು ಬಂದರು.

"ನಂದು ಆಗೇತ್ರಿ ವೈನಿ. ಆಣಿ ಮಾಡಿ ಹೇಳ್ತೇನಿ."

"ನಿನ್ನ ಆಣಿ ನನಗ ಗೊತ್ತೈತಿ" ಎಂದವರೇ ಎರಡೂ ಕೈಯಿಂದ ನನ್ನ ಬಲ ಮುಂಗೈ ಹಿಡಿದು, ಬಾವಿಯಿಂದ ಕೊಡ ಎತ್ತುವ ಹಾಗೆ ಜಗ್ಗಿದರು. ನಾನು ಏಳಲಿಲ್ಲ. ನನ್ನ ಭುಜ ಎದ್ದಿತು. ಒಳಗೆ ಏನೋ ಕಳಚಿಕೊಂಡ ಹಾಗೆ ಆಯಿತು, ಕೈ ನನ್ನದಲ್ಲದ ಹಾಗೆ ಜೋತುಬಿತ್ತು. ನಾನು ಕೂಗಿದ್ದು ಬ್ಯಾಂಡಿನವರ ಗದ್ದಲದಲ್ಲಿ ನನಗೇ ಕೇಳಿಸಲಿಲ್ಲ.

ಇನ್ನು ಮುಂದಿನದನ್ನು ಬರೆಯಲು ನಾಚಿಕೆಗಿಂತ ಸಿಟ್ಟೇ ಹೆಚ್ಚು ಬರುತ್ತದೆ. ಸುತ್ತ ಸೇರಿದ ಹೆಂಗಸರೆಲ್ಲ ಒಂದೇ ಮಾತಿನಲ್ಲಿ "ಚಳಕ ಹಿಡದೈತಿ" ಎಂದು ತೀರ್ಮಾನ ಕೊಟ್ಟರು. ಕಾಲು ಮುಂದಾಗಿ ಹುಟ್ಟಿದವರು ತುಳಿದರೆ ಚಳಕು, ಅಂದರೆ ಹಿಡಿದುಕೊಂಡ ಸ್ನಾಯು, ಬಿಡುತ್ತದೆ ಎಂಬುದು ನಮ್ಮ ಕಡೆ ಪಕ್ಕಾ ನಂಬಿಕೆ. ಮದುಮಗಳ ಸೋದರಮಾವ ಹಾಗೆ ಹುಟ್ಟಿದವನಂತೆ. ಅವನನ್ನು ಊಟದ ನಡುವಿನಿಂದ ಎಬ್ಬಿಸಿ ತಂದರು. ಆಸಾಮಿ ಒಳ್ಳೆ ಕಟ್ಟುಮಸ್ತು, ಜರಿಯ ಧೋತರ, ಕೈತೊಳೆದ ನೀರಿನಲ್ಲಿ ತೊಯ್ದ ಕಾಲು. ನನ್ನನ್ನು ಬೋರಲು ಮಲಗಿಸಿದರು. ಅವನು ಕಂಬ ಹಿಡಿದುಕೊಂಡು, ನನ್ನ ಭುಜದ ಮೇಲೆ ಹಿಮ್ಮಡಿ ಇಟ್ಟು ಒತ್ತಿದ. ಮೇಲಿನಿಂದ ಬಹಳ ಮರ್ಯಾದೆಯಿಂದ "ನೋವಾತೇನ್ರಿ ಅಕ್ಕೋರ?" ಎಂದು ಕೇಳಿದ.

ಅಕ್ಕೋರು ಎಂದರೆ ಟೀಚರು. ಬಾಗೇವಾಡಿಯಲ್ಲಿ ಅರ್ಧ ಊರಿಗೆ ಅಕ್ಷರ ಕಲಿಸಿ ನಿವೃತ್ತಳಾದವಳು ನಾನು, ಇಂಡಿಯ ಮಂಟಪದಲ್ಲಿ ಧೋತರದವನ ಹಿಮ್ಮಡಿಯ ಕೆಳಗೆ ಬಿದ್ದಿದ್ದೆ. ಅವನ ಮೇಲೆ ನನಗೆ ಸಿಟ್ಟಿಲ್ಲ. ಹುಟ್ಟುವಾಗ ಕಾಲು ಮುಂದೆ ಬಂದದ್ದು ಅವನ ತಪ್ಪಲ್ಲ. ಕರೆದು ತಂದವರ ಮೇಲೆ ಸಿಟ್ಟು.

ಕೊನೆಗೆ ನಮ್ಮ ಮನೆಯವರು ಟೆಂಪೋ ತರಿಸಿ ಇಂಡಿಯದೇ ದವಾಖಾನೆಗೆ ಒಯ್ದರು. ವೈನಿಯೂ ಜೊತೆಗೆ ಬಂದರು. ಡಾಕ್ಟರು ಭುಜ ಮುಟ್ಟಿ ನೋಡಿ, "ಕೀಲ ತಪ್ಪೇತ್ರಿ. ಏನಾತು, ಹೆಂಗ ತಪ್ಪಿತು?" ಎಂದರು. ನಾನು ಬಾಯಿ ತೆರೆಯುವ ಮೊದಲೇ ವೈನಿ, "ಜಾರಿ ಬಿದ್ದಳ್ರಿ" ಎಂದುಬಿಟ್ಟರು. ನಮ್ಮ ಮನೆಯವರು ನೆಲ ನೋಡಿದರು. ನೋವಿನಲ್ಲಿ ನನಗೆ ಜಗಳಾಡುವ ತ್ರಾಣ ಇರಲಿಲ್ಲ. ಡಾಕ್ಟರು ಸೂಜಿ ಕೊಟ್ಟು ಮಂಪರು ಬರಿಸಿ ಕೀಲನ್ನು ಜಾಗಕ್ಕೆ ಕೂಡಿಸಿದರು. ಅಂದಿನಿಂದ ಎಲ್ಲರ ಲೆಕ್ಕದಲ್ಲಿ ನಾನು ಜಾರಿ ಬಿದ್ದವಳು.

ವೈನಿ ಹೇಳುವುದರಲ್ಲಿ ಸ್ವಲ್ಪ ಸತ್ಯ ಇದೆ, ಅದನ್ನೂ ಬರೆಯುತ್ತೇನೆ. ಕೈ ಮೊದಲೇ ಗಟ್ಟಿ ಇರಲಿಲ್ಲ. ಸಾಲೆಯಲ್ಲಿ ಬೋರ್ಡಿನ ತುತ್ತತುದಿಯಿಂದ ಬರೆಯುವ ಚಟ ನನ್ನದು, ಹಿಂದಿನ ಸಾಲಿನ ಮಕ್ಕಳಿಗೂ ಕಾಣಬೇಕಲ್ಲ. ಮನೆಯಲ್ಲಿ ಬೆಳಗಾದರೆ ಜೋಳದ ರೊಟ್ಟಿ ಬಡಿಯುವುದು. ನಿವೃತ್ತಿಗೆ ಸ್ವಲ್ಪ ಮೊದಲು ಸಿಂದಗಿ ಬಸ್‌ಸ್ಟ್ಯಾಂಡಿನಲ್ಲಿ, ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಸರಳು ಹಿಡಿದಾಗ ಬಸ್ಸು ಹೊರಟುಬಿಟ್ಟಿತು. ಕಾಲು ಕೆಳಗೆ, ಕೈ ಮೇಲೆ. ಆಮೇಲೆ ಭುಜ ಸದಾ ನೋಯುತ್ತಿತ್ತು. ನೋವು ಬಂದಾಗೊಮ್ಮೆ ನಮ್ಮ ಬಾಗೇವಾಡಿಯ ಡಾಕ್ಟರರ ಹತ್ತಿರ ಹೋಗಿ ಭುಜಕ್ಕೇ ಸೂಜಿ ಹಾಕಿಸಿಕೊಳ್ಳುತ್ತಿದ್ದೆ. ನೋವು ಹೋಗುತ್ತಿತ್ತು, ನಾನು ಮತ್ತೆ ಬೋರ್ಡಿಗೂ ರೊಟ್ಟಿಗೂ ಹೋಗುತ್ತಿದ್ದೆ. ಚಿತ್ರ ತೆಗೆಸಿ ಒಳಗೆ ಏನಾಗಿದೆ ನೋಡೋಣ ಎಂದು ಆ ಡಾಕ್ಟರೂ ಅನ್ನಲಿಲ್ಲ, ಮನೆಯಲ್ಲೂ ಯಾರೂ ಅನ್ನಲಿಲ್ಲ. "ಕೈ ಕೆಸರಾದರೆ ಬಾಯಿ ಮೊಸರು" ಎಂದು ಮಕ್ಕಳಿಂದ ಎಷ್ಟು ಸಲ ಬರೆಸಿದ್ದೇನೋ. ಕೈ ಸವೆದರೆ ಏನು ಎಂದು ಹೇಳುವ ಗಾದೆಯನ್ನು ನನಗೆ ಯಾರೂ ಕಲಿಸಿರಲಿಲ್ಲ.

ಇಂಡಿಯಿಂದ ಬಂದ ಮೇಲೆ ಕೈಯನ್ನು ಕೊರಳಿಗೆ ಕಟ್ಟಿದ ಬಟ್ಟೆಯ ಜೋಳಿಗೆಯಲ್ಲಿ ಹಾಕಿಕೊಂಡು ಕೂತೆ. ಜೋಳಿಗೆ ತೆಗೆದ ಮೇಲೂ ಕೈ ಏಳಲಿಲ್ಲ. ಎತ್ತಲು ಹೋದರೆ ಭುಜದ ಎಲುಬಿನ ಗುಂಡು ತನ್ನ ಬಟ್ಟಲು ಬಿಟ್ಟು ಮುಂದಕ್ಕೂ ಮೇಲಕ್ಕೂ ಉಬ್ಬಿ, ಚರ್ಮದ ಕೆಳಗೆ ನಿಂಬೆಹಣ್ಣಿನಂತೆ ಕಾಣುತ್ತಿತ್ತು. ಕೈ ಮಾತ್ರ ಎದೆಯ ಮಟ್ಟಕ್ಕೂ ಬರುತ್ತಿರಲಿಲ್ಲ. ಎಡಗೈಯಿಂದ ಬಲಗೈ ಎತ್ತಿ ಊಟದ ಮೇಜಿನ ಮೇಲೆ ಇಡಬೇಕಿತ್ತು. ಇಟ್ಟರೆ ಅಲ್ಲೇ ಬಿದ್ದಿರುತ್ತಿತ್ತು.

ನಮ್ಮ ಮನೆಯವರು ನನ್ನನ್ನು ವಿಜಯಪುರಕ್ಕೆ ಕರೆದುಕೊಂಡು ಹೋದರು. ಅಲ್ಲಿನ ಎಲುಬಿನ ಸರ್ಜನ್ ಇನ್ನೂ ಚಿಕ್ಕ ವಯಸ್ಸಿನವರು. ಸ್ಕ್ಯಾನ್ ತೆಗೆಸಿ ಗೋಡೆಯ ಬೆಳಕಿಗೆ ಹಿಡಿದು ತೋರಿಸಿದರು. ಭುಜದ ಗುಂಡನ್ನು ಬಟ್ಟಲಿನಲ್ಲಿ ಹಿಡಿದಿಡುವ ಸ್ನಾಯುಗಳು ಇರುತ್ತವಂತೆ. ನನ್ನಲ್ಲಿ ಮೇಲಿನದೂ ಮುಂದಿನದೂ ಪೂರ್ತಿ ಹರಿದು ಒಳಗೆ ಸೇದಿಕೊಂಡು ಕೊಬ್ಬಾಗಿದ್ದವು. ಹಿಂದಿನದು ಅಷ್ಟಿಷ್ಟು ಉಳಿದಿತ್ತು.

"ಹೊಲದ್ರ ಆಗೂದಿಲ್ಲೇನ್ರಿ?" ಎಂದೆ.

"ಹಳೇ ಕೌದಿ ಇರತಾವಲ್ರಿ ಅಕ್ಕೋರ, ಸೂಜಿ ಹಾಕಿದಲ್ಲೇ ಹರೀತಾವ. ಹಂಗ ಆಗೇತಿ. ಹೊಲದ್ರೂ ನಿಲ್ಲೂದಿಲ್ಲ" ಎಂದರು.

ಹೊಲಿಯಲಾಗದಿದ್ದರೆ ಇನ್ನೊಂದು ದಾರಿ ಇದೆ ಎಂದು ಪ್ಲಾಸ್ಟಿಕ್ಕಿನ ಕೀಲೊಂದನ್ನು ಕೈಗೆತ್ತಿಕೊಂಡು ವಿವರಿಸಿದರು. ಹುಟ್ಟಿದಾಗಿನಿಂದ ತೋಳಿನ ಎಲುಬಿಗೆ ಗುಂಡು, ಬೆನ್ನಿನ ಕಡೆಯ ಎಲುಬಿಗೆ ಬಟ್ಟಲು. ಆಪರೇಷನ್ನಿನಲ್ಲಿ ಅದನ್ನು ಉಲ್ಟಾ ಮಾಡುತ್ತಾರೆ. ಬಟ್ಟಲಿದ್ದಲ್ಲಿ ಲೋಹದ ಗುಂಡು, ಗುಂಡಿದ್ದಲ್ಲಿ ಬಟ್ಟಲು. ಹಾಗೆ ಮಾಡಿದರೆ ಹರಿದ ಸ್ನಾಯುಗಳ ಹಂಗಿಲ್ಲದೆ, ಭುಜದ ಹೊರಗಿನ ದೊಡ್ಡ ಸ್ನಾಯುವೇ ಕೈಯನ್ನು ಎತ್ತುತ್ತದೆ. ನನ್ನ ಆ ಸ್ನಾಯು ಇನ್ನೂ ಗಟ್ಟಿ ಇದೆ ಎಂದರು. ನನಗೆ ಖುಷಿಯಾಯಿತು. ಮೈಯಲ್ಲಿ ಏನೋ ಒಂದು ಗಟ್ಟಿ ಉಳಿದಿದೆ ಎಂದು ಬಹಳ ದಿನಗಳ ಮೇಲೆ ಕೇಳಿದ್ದೆ.

ಅಷ್ಟರಲ್ಲಿ ಅವರು ನನ್ನ ಕಡೆಯಿಂದ ಮುಖ ತಿರುಗಿಸಿ ನಮ್ಮ ಮನೆಯವರನ್ನು ಕೇಳಿದರು, "ಮನಿಯಾಗ ಕೆಲಸ ಮಾಡಾಕ ಯಾರರ ಅದಾರೇನ್ರಿ?"

"ಸೊಸಿ ಅದಾಳ್ರಿ" ಎಂದರು ಇವರು.

"ಹಂಗಾರ ಅಂಥಾ ಅವಸರ ಏನಿಲ್ರಿ. ನೋವಿಗೆ ಗುಳಿಗಿ ಬರಕೊಡ್ತೇನಿ. ವಿಚಾರ ಮಾಡಿ ಬರ್ರಿ."

ಅಷ್ಟೇ, ಇಬ್ಬರು ಗಂಡಸರು ನನ್ನ ತೋಳಿನ ಮಾತು ಮುಗಿಸಿದರು. ಸೊಸೆ ಇದ್ದಾಳೆ, ಹಾಗಾಗಿ ಅತ್ತೆಗೆ ಕೈ ಬೇಕಿಲ್ಲ. ಒಂದು ಮನೆಗೆ ಒಟ್ಟು ಎರಡೇ ಹೆಂಗಸಿನ ಕೈ ಎಂದು ಇವರಿಗೆ ಯಾರು ಬರೆದುಕೊಟ್ಟಿದ್ದರೋ! ಬಾಗೇವಾಡಿ ಮುಟ್ಟುವತನಕ ಬಸ್ಸಿನಲ್ಲಿ ನಾನು ಕಿಟಕಿಯ ಕಡೆ ತಿರುಗಿ ಕೂತೆ. ಇವರು ಶೇಂಗಾ ಕೊಂಡು ಸುಲಿದು ಸುಲಿದು ನನ್ನ ಉಡಿಯಲ್ಲಿ ಹಾಕಿದರು. ನಾನು ಒಂದನ್ನೂ ತಿನ್ನಲಿಲ್ಲ.

ರೊಟ್ಟಿ ಬಡಿಯಲಾಗದ್ದಕ್ಕೆ ನನಗೆ ದುಃಖವಿರಲಿಲ್ಲ. ಬಡಿದದ್ದು ಸಾಕಾಗಿತ್ತು. ನನಗೆ ತಡೆಯಲಾಗದ್ದು ತುರುಬು. ನನ್ನ ಕೂದಲು ಈಗಲೂ ಸೊಂಟದವರೆಗೆ ಇದೆ, ಅರ್ಧಕ್ಕರ್ಧ ಬಿಳಿ. ಸಣ್ಣವಳಿದ್ದಾಗಿನಿಂದ ನನ್ನ ತಲೆ ನಾನೇ ಬಾಚಿಕೊಂಡವಳು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು, ಕನ್ನಡಿ ಇಲ್ಲದೆ, ಹೆರಳಪಿನ್ನುಗಳನ್ನು ತುಟಿಯಲ್ಲಿ ಹಿಡಿದು ತುರುಬು ಕಟ್ಟುವ ಅಷ್ಟು ಹೊತ್ತು ನನ್ನನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಬಾಯಲ್ಲಿ ಪಿನ್ನು ಇದೆ ಎಂದರೆ ಅತ್ತೆಯೂ ಸುಮ್ಮನಿರುತ್ತಿದ್ದರು. ಬಾಳುವೆಯಲ್ಲಿ ನನಗೇ ಎಂದು ಉಳಿದಿದ್ದ ಹೊತ್ತು ಅದೊಂದೇ.

ಈಗ ಬಾಚಣಿಕೆ ಹಿಡಿದುಕೊಂಡು ಸೊಸೆಯ ಬಿಡುವಿಗಾಗಿ ಹೊಸ್ತಿಲ ಹತ್ತಿರ ಕಾಯುವುದಾಯಿತು. ಅವಳು ಅಂಗನವಾಡಿ ಟೀಚರು. ಬೆಳಿಗ್ಗೆ ಅವಳ ಅವಸರ ಅವಳಿಗೆ. ಮಗ ಸಕ್ಕರೆ ಕಾರ್ಖಾನೆಯ ಪಾಳಿ ಮುಗಿಸಿ ಬಂದಿರುತ್ತಾನೆ, ಅವನಿಗೆ ಚಹಾ ಆಗಬೇಕು, ಮೊಮ್ಮಗಳಿಗೆ ಡಬ್ಬಿ ಆಗಬೇಕು. ಬಾಚಿದಾಗ ಗಂಟು ಸಿಕ್ಕರೆ ಎಳೆಯುತ್ತಿದ್ದಳು. ಕೆಲವು ದಿನ ಮಧ್ಯಾಹ್ನದವರೆಗೂ ಕೂದಲು ಬಿಟ್ಟುಕೊಂಡು ಕೂತಿರುತ್ತಿದ್ದೆ. ಒಮ್ಮೆ ಹಳೆಯ ವಿದ್ಯಾರ್ಥಿಯೊಬ್ಬ ಮದುವೆಯ ಕಾರ್ಡು ಕೊಡಲು ಬಂದ. ನನ್ನನ್ನು ಆ ವೇಷದಲ್ಲಿ ನೋಡಿ ಬಾಗಿಲಲ್ಲೇ ನಿಂತ. ನಾನು ರೂಢಿಯಂತೆ ಬಲಗೈಯಿಂದ ಸೆರಗನ್ನು ತಲೆಯ ಮೇಲೆ ಎಳೆದುಕೊಳ್ಳಲು ಹೋದೆ. ಭುಜದ ಗುಂಡು ಹೊರಗೆ ಬಂತು, ಸೆರಗು ಬರಲಿಲ್ಲ. ಆ ಹುಡುಗ ಮುಖ ಆಚೆ ತಿರುಗಿಸಿದ. ಅವತ್ತು ನಾನು ಬಚ್ಚಲಿಗೆ ಹೋಗಿ ಅತ್ತೆ.

ನಮ್ಮ ಮನೆಯವರೂ ಒಂದು ದಿನ ಬಾಚಲು ಕೂತರು. ಹಗ್ಗ ಹೊಸೆದ ಹಾಗೆ ಏನೋ ಮಾಡಿ ಕೊನೆಗೆ ರಬ್ಬರ್ ಬ್ಯಾಂಡ್ ಹಾಕಿದರು. ಪಾಪ ಎನಿಸಿತು, ಸಿಟ್ಟೂ ಬಂತು. ವಿಜಯಪುರದ ಡಾಕ್ಟರ ಮುಂದೆ ನನ್ನ ಪರವಾಗಿ ಒಂದು ಮಾತು ಆಡಿದ್ದರೆ ಈ ಬಾಚಣಿಕೆ ಹಿಡಿಯುವ ಪ್ರಸಂಗ ಬರುತ್ತಿತ್ತೇ?

ಹೀಗಿರುವಾಗ ಒಂದು ಭಾನುವಾರ ಸಿಂದಗಿಯಿಂದ ಅಣ್ಣ, ವೈನಿ ಬಂದರು. ನನ್ನನ್ನು ಮಾತಾಡಿಸಲು ಬಂದವರು ನನ್ನ ಕೈಯ ಪಂಚಾಯಿತಿಗೆ ಕೂತರು. ನಾನು ಎದುರಿಗೇ ಇದ್ದೆ. ಆದರೂ ಎಲ್ಲ ಮಾತು ನನ್ನ ತಲೆಯ ಮೇಲಿನಿಂದ ಹೋಗುತ್ತಿತ್ತು.

"ಈ ವಯಸ್ಸಿನಾಗ ಕೊಯ್ಯಿಸಿಕೊಳ್ಳೂದು ಅಂದ್ರೇನು? ನಮ್ಮವ್ವ ಕೊನೀತನಕ ಸೊಂಟಾ ಹಿಡಕೊಂಡು ಅಡ್ಡಾಡಿದಳು. ಯಾವ ಆಪರೇಷನ್ ಮಾಡಿಸಿದಳು?" ಎಂದ ಅಣ್ಣ.

"ಅವ್ವ ನೋವಿನಾಗ ಸತ್ತಳು ಅಣ್ಣಾ. ಅದನ್ಯಾಕ ದೊಡ್ಡಸ್ತನ ಅಂತ ಹೇಳ್ತಿ?" ಎಂದೆ. ಯಾರೂ ಕೇಳಿಸಿಕೊಳ್ಳಲಿಲ್ಲ.

ವೈನಿ ನಿಂಬೆ ಶರಬತ್ತಿನ ಲೋಟ ಕೆಳಗಿಟ್ಟು ಬೆರಳು ಮಡಚಿದರು. "ರೊಟ್ಟಿ ಬಡೀಬೇಕಾ? ಸೊಸಿ ಅದಾಳ. ಬೋರ್ಡ್ ಬರೀಬೇಕಾ? ರಿಟೈರ್ ಆಗ್ಯಾಳ. ಇನ್ನ ಆ ಕೈ ಎದ್ದೇನ ಫಾಯದೆ?"

ಅಲ್ಲಿಗೆ ತುರುಬಿನ ಮಾತು ಬಂತು. ಸೊಸೆ ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ, ದಣಿದು ಹೇಳಿದಳು. "ಅತ್ತೀ, ಕೂದಲಾ ಗಿಡ್ಡ ಮಾಡಿಬಿಟ್ರ ನಿಮಗೂ ಹಗುರ ಆಗತೈತಿ, ನನಗೂ ಹಗುರ."

ಕೂಡಲೇ ಎಲ್ಲರ ಮುಖ ಅರಳಿತು. ಇಷ್ಟು ಸೋವಿಯಲ್ಲಿ ನನ್ನ ಸಮಸ್ಯೆ ಬಗೆಹರಿಯುತ್ತದೆಂದು ಯಾರಿಗೂ ಹೊಳೆದಿರಲಿಲ್ಲ. ಕೀಲಿಗೆ ಕತ್ತರಿ ಬೇಡ, ಕೂದಲಿಗೆ ಸಾಕು. ನಮ್ಮ ಮನೆಯವರು ಎದ್ದು ಹೋಗಿ ಹೊಲಿಗೆ ಮಷೀನಿನ ಮೇಲಿದ್ದ ಕತ್ತರಿಯನ್ನು ತಂದು ವೈನಿಯ ಕೈಗೆ ಕೊಟ್ಟರು. ದೇವರು ಕಡೆಗೂ ಅಲುಗಾಡಿದ್ದು ಕತ್ತರಿ ತರಲಿಕ್ಕೆ!

"ಬಾ, ನಾನ ಕತ್ತರಸ್ತೇನಿ. ಅಂಗಳಕ್ಕ ಬಾ" ಎಂದು ವೈನಿ ನನ್ನ ರಟ್ಟೆಗೆ ಕೈ ಹಾಕಿದರು. ಉಳಿದಿದ್ದ ಎಡ ರಟ್ಟೆಗೆ.

ನಾನು ಅವರ ಕೈ ಕೊಸರಿ, ಕತ್ತರಿ ಕಸಿದು ಅಂಗಳದ ಆಚೆ ಒಗೆದೆ. "ಯಾವಾಕಿ ನನ್ನ ಕೂದಲಿಗೆ ಕೈ ಹಚ್ತಾಳೋ ನೋಡ್ತೇನಿ!" ಎಂದು ಕೂಗಿದೆ. ಸಾಲೆಯಲ್ಲಿ ಏಳನೆಯ ಇಯತ್ತೆಯನ್ನು ಸುಮ್ಮನಿರಿಸುತ್ತಿದ್ದ ಗಂಟಲು ಅದು. ಓಣಿಯ ನಾಯಿ ಬೊಗಳುವುದನ್ನು ನಿಲ್ಲಿಸಿತು. ವೈನಿ ಕಣ್ಣೀರು ಹಾಕಿ, ಒಳ್ಳೆಯದಕ್ಕೆ ಕಾಲ ಇಲ್ಲ ಎಂದು ಊಟ ಮಾಡದೆ ಹೊರಟರು. ಅವರನ್ನು ರಟ್ಟೆ ಹಿಡಿದು ಕೂಡಿಸಲು ನಾನು ಹೋಗಲಿಲ್ಲ.

ಮರುದಿನ ಬೆಳಿಗ್ಗೆ ಯಾರಿಗೂ ಹೇಳದೆ ವಿಜಯಪುರದ ಬಸ್ಸು ಹತ್ತಿದೆ. ಕೂದಲನ್ನು ಒಂದು ಟವೆಲ್ಲಿನಲ್ಲಿ ಸುತ್ತಿಕೊಂಡಿದ್ದೆ. ಸರಳು ಹಿಡಿಯಲಾಗದ್ದಕ್ಕೆ ಮೆಟ್ಟಿಲ ಮೇಲೆ ಕೂತು ಹಿಂದೆ ಸರಿದು ಸರಿದು ಹತ್ತಿದೆ. ಕಂಡಕ್ಟರ್ ಎತ್ತಲು ಬಂದ. "ಮುಟ್ಟಬ್ಯಾಡಪಾ" ಎಂದೆ. ದವಾಖಾನೆಯಲ್ಲಿ ನನ್ನ ಪಾಳಿ ಬಂದಾಗ ಸರ್ಜನ್ ನನ್ನ ಹಿಂದೆ ಯಾರಿದ್ದಾರೆ ಎಂದು ನೋಡಿದರು.

"ಯಾರೂ ಇಲ್ರಿ. ಕೈ ನಂದೈತಿ, ನಾ ಬಂದೇನಿ. ಹೋದ ಸಲ ನೀವು ನಮ್ಮ ಮನಿಯವರನ್ನ ಕೇಳಿದ್ರಿ. ಈ ಸಲ ನನ್ನ ಕೇಳ್ರಿ."

ಅವರ ಮುಖ ಸಣ್ಣದಾಯಿತು. ಪೆನ್ನು ಕೆಳಗಿಟ್ಟರು. "ತಪ್ಪಾತ್ರಿ ಅಕ್ಕೋರ. ಹೇಳ್ರಿ, ನಿಮಗ ಆ ಕೈಲೆ ಏನ ಮಾಡಬೇಕಾಗೇತಿ?"

ಇಷ್ಟು ದಿನಗಳಲ್ಲಿ ಈ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. "ನನ್ನ ತುರುಬು ನಾ ಕಟ್ಕೋಬೇಕ್ರಿ" ಎಂದೆ.

ಅವರು ನಗಲಿಲ್ಲ. ಎಡಗೈಯಿಂದ ಕಟ್ಟಿ ತೋರಿಸಿರಿ, ಬಲಗೈ ಎಲ್ಲಿಗೆ ಬರಬೇಕು ತೋರಿಸಿರಿ ಎಂದರು. ತಮ್ಮ ಕೈಯನ್ನೇ ತಲೆಯ ಹಿಂದೆ ಇಟ್ಟುಕೊಂಡು ಯೋಚಿಸಿದರು. ಆಮೇಲೆ ಮುಚ್ಚುಮರೆ ಇಲ್ಲದೆ ಹೇಳಿದರು. ತಲೆಯತನಕ ಕೈ ಬರಬಹುದು, ಖಾತ್ರಿ ಕೊಡಲಾರೆ. ಬೆನ್ನ ಹಿಂದೆ ಸೊಂಟದ ಕಡೆ ಹೋಗುವುದಿಲ್ಲ. ಭಾರ ಎತ್ತಬಾರದು. ಕೂತಲ್ಲಿಂದ ಕೈಯನ್ನು ಹಿಂದೆ ಊರಿ ಏಳಬಾರದು. ಕೀವು ಆಗಬಹುದು, ಹೊಸ ಕೀಲೂ ತಪ್ಪಬಹುದು, ತಪ್ಪಿದರೆ ಮತ್ತೆ ಕೊಯ್ಯಬೇಕಾಗಬಹುದು.

"ಮತ್ತ ಯಾರೂ ಕೈ ಹಿಡದು ಜಗ್ಗಬಾರದ್ರಿ" ಎಂದರು.

"ಅದನ್ನ ನೀವು ನನಗ ಹೇಳ್ತೀರಿ? ನಮ್ಮ ಜಿಲ್ಲಾಕ್ಕ ಹೇಳ್ರಿ" ಎಂದೆ.

ಮನೆಗೆ ಹೋಗದೆ ಅಲ್ಲೇ ದಾಖಲಾದೆ. ಆಪರೇಷನ್ನಿನ ಹಿಂದಿನ ದಿನ ದವಾಖಾನೆಯ ಹುಡುಗಿಯೊಬ್ಬಳು ಕಾಗದ ತಂದು, ಯಜಮಾನರ ಸಹಿ ಬೇಕು ಎಂದಳು. "ಅವರ ಭುಜಾ ಕೊಯ್ಯಾಕತ್ತೀರೇನು?" ಎಂದೆ. ಅವಳು ಪಿಳಿಪಿಳಿ ನೋಡಿ, ಸರ್ಜನ್‌ರನ್ನು ಕೇಳಿಕೊಂಡು ಬಂದು ನನ್ನ ಸಹಿಯನ್ನೇ ತೆಗೆದುಕೊಂಡಳು. ಅಷ್ಟರಲ್ಲಿ ನಮ್ಮ ಮನೆಯವರೂ ಸುದ್ದಿ ತಿಳಿದು ಥರ್ಮಾಸು ಹಿಡಿದುಕೊಂಡು ಬಂದಿದ್ದರು. ಹೊರಗಿನ ಬೆಂಚಿನ ಮೇಲೆ ಕೂತರು. ಅಲ್ಲಿಂದ ನನ್ನನ್ನು ಮನೆಗೆ ಕಳಿಸುವತನಕ ಬೆಂಚು ಬಿಟ್ಟು ಕದಲಲಿಲ್ಲ. ಅವರು ತಂದ ಚಹಾ ಕುಡಿದೆ. ಸಿಟ್ಟು ಹೋಗಿರಲಿಲ್ಲ.

ಎಚ್ಚರವಾದಾಗ ತೋಳು ಕಟ್ಟಿಗೆಯ ಹಾಗೆ ಜೋಮು ಹಿಡಿದಿತ್ತು. ಆಮೇಲೆ ಬಂದ ನೋವಿನ ಬಗ್ಗೆ ಬರೆದು ಯಾರಿಗೂ ಉಪಯೋಗವಿಲ್ಲ. ಮನೆಗೆ ಬಂದ ಮೇಲೆ ಸೊಸೆಯಿಂದ ಒಂದು ದಪ್ಪ ಕಾಗದದ ಮೇಲೆ "ಕೈ ಮುಟ್ಟಬೇಡಿ, ಎಬ್ಬಿಸಬೇಡಿ" ಎಂದು ಬರೆಸಿ ಮಂಚದ ಮೇಲಿನ ಗೋಡೆಗೆ ಅಂಟಿಸಿದೆ. ಬಂದವರೆಲ್ಲ ಅದನ್ನು ಓದಿ, ಅಕ್ಕೋರು ಅಕ್ಕೋರೇ ಎಂದು ನಕ್ಕು, ನಗುನಗುತ್ತಲೇ ಏಳುವಾಗ ನನ್ನ ಭುಜ ತಟ್ಟಲು ಕೈ ಚಾಚುತ್ತಿದ್ದರು. ಆ ಗೋಡೆಯ ಕೆಳಗೆ ಕೂತು ನಾನು ಬೈದಷ್ಟು ಜನರನ್ನು ಸಾಲೆಯಲ್ಲೂ ಬೈದಿಲ್ಲ.

ಜೋಳಿಗೆ ತೆಗೆದ ಮೇಲೆ ಗೋಡೆ ಹತ್ತುವ ವ್ಯಾಯಾಮ. ಗೋಡೆಗೆ ಮುಖ ಮಾಡಿ ನಿಂತು ಬೆರಳುಗಳನ್ನು ಇರುವೆಯ ಹಾಗೆ ಮೇಲೆ ಮೇಲೆ ನಡೆಸಬೇಕು. ಮುಟ್ಟಿದ ಜಾಗಕ್ಕೆ ಸುಣ್ಣದ ಕಡ್ಡಿಯಿಂದ ಗೆರೆ ಹಾಕುತ್ತಿದ್ದೆ. ಕೆಲವು ವಾರ ಗೆರೆಯ ಮೇಲೆ ಗೆರೆ, ಒಂದು ಕೂದಲೆಳೆಯಷ್ಟೂ ಮೇಲೆ ಹೋಗುತ್ತಿರಲಿಲ್ಲ. ಗೋಡೆಗೇ ಬೈಯುತ್ತಿದ್ದೆ. ನೆಲದಿಂದ ಏಳುವುದನ್ನೂ ಹೊಸದಾಗಿ ಕಲಿತೆ. ಮಗ್ಗಲಾಗಿ, ಮೊಣಕಾಲಿನ ಮೇಲೆ ಬಂದು, ಎಡಗೈ ಮುಂದೆ ಊರಿ ಏಳಬೇಕು. ಮೊಮ್ಮಗಳು ನನ್ನನ್ನು ನೋಡಿ ಹಾಗೆಯೇ ಎದ್ದು ತೋರಿಸುತ್ತಿದ್ದಳು.

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಬಲಗೈ ತಲೆಯನ್ನು ಮುಟ್ಟಿತು. ತಲೆಯನ್ನು ಸ್ವಲ್ಪ ಕೈಯ ಕಡೆ ಬಾಗಿಸಬೇಕಾಯಿತು, ಅದು ಬೇರೆ ಮಾತು. ಕತ್ತಿನ ಹಿಂದಕ್ಕೆ ಪೂರ್ತಿ ಬರುವುದಿಲ್ಲ. ಹಾಗಾಗಿ ತುರುಬು ಬಲಕ್ಕೆ, ಕಿವಿಯ ಹಿಂದೆ ಬರುತ್ತದೆ. ಮೊದಲ ಸಲ ಕಟ್ಟಿದಾಗ ಅಂಗಳದಲ್ಲಿ ಒಂದು ಸುತ್ತು ಹಾಕುವುದರೊಳಗೆ ಬಿಚ್ಚಿಹೋಯಿತು. ಮತ್ತೆ ಕಟ್ಟಿದೆ. ಅವತ್ತು ಬೆಳಿಗ್ಗೆ ಪಿನ್ನು ಬಾಯಲ್ಲಿ ಇರುವಾಗ ನಮ್ಮ ಮನೆಯವರು ಬಂದು ಏನೋ ಕೇಳಿದರು. ನಾನು ಉತ್ತರ ಕೊಡಲಿಲ್ಲ. ಎಷ್ಟು ಹಿತವಾಯಿತು!

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಇಷ್ಟು ಸಿಟ್ಟಿನಿಂದ ಬರೆಯುತ್ತಿರಲಿಲ್ಲ. ಮುದ್ದೇಬಿಹಾಳದಲ್ಲಿ ಅಣ್ಣನ ಮಗಳ ಕೂಸಿನ ತೊಟ್ಟಿಲ ಕಾರ್ಯಕ್ಕೆ ಹೋಗಿದ್ದೆವು. ಪಡಸಾಲೆ ತುಂಬ ಹೆಂಗಸರು, ನಡುವೆ ತೊಟ್ಟಿಲು, ಜೋಗುಳ. ನಾನು ಗೋಡೆಯ ಹತ್ತಿರ ಕುರ್ಚಿ ಹಾಕಿಸಿಕೊಂಡು ಕೂತಿದ್ದೆ. ಕತ್ತರಿಯ ದಿನದ ಮೇಲೆ ವೈನಿಯೂ ನಾನೂ ಮಾತಾಡಿರಲಿಲ್ಲ. ಆದರೆ ತೊಟ್ಟಿಲು ಅವರ ಮೊಮ್ಮಗುವಿನದು, ಅವರಿಗೆ ಮತ್ತೆ ಮೈಯೆಲ್ಲ ಹುಮ್ಮಸ್ಸು.

"ಏಳವ್ವಾ, ತೊಟ್ಟಲಾ ತೂಗ ಬಾ. ಅಲ್ಲೆ ಕುಂತರ ಹೆಂಗ?" ಎಂದು ಬಂದವರ ಎರಡೂ ಕೈ ನೆಟ್ಟಗೆ ನನ್ನ ಬಲ ಮುಂಗೈಗೆ ಬಂದವು. ಅದೇ ಕೈ, ಅದೇ ಜಾಗ.

"ಮುಟ್ಟಬ್ಯಾಡ್ರಿ!" ಎಂದು ಕೂಗಿದೆ. ಜೋಗುಳ ನಿಂತಿತು. ಕೂಸು ಎದ್ದು ಅತ್ತಿತು.

ವೈನಿಗೆ ಅವಮಾನವಾಯಿತು. ಸುತ್ತ ನೆರೆದವರ ಕಡೆ ತಿರುಗಿ, "ನೋಡ್ರೆವಾ, ಇಂಡಿಯೊಳಗ ಜಾರಿ ಬಿದ್ದಾಗಿಂದ ಹಿಂಗ ಆಗ್ಯಾಳ. ಕೂಸಿನ್ನ ಎತ್ತಾಕ ಬರೂದಿಲ್ಲ, ಕೊಡಾ ಹೊರಾಕ ಬರೂದಿಲ್ಲ, ಒಬ್ಬರ ಕೈಯಾಗ ಕೈ ಕೊಡಾಕೂ ಬರೂದಿಲ್ಲ. ಅಷ್ಟ ಕೊಯ್ಯಿಸಿಕೊಂಡು, ಅಂಥಾ ಕೈ ಇದ್ದೇನ ಫಾಯದೆ?" ಎಂದರು.

"ನಾ ಜಾರಿ ಬಿದ್ದಿಲ್ರಿ ವೈನಿ" ಎಂದೆ. ಈ ಸಲ ಕೂಗಲಿಲ್ಲ. "ನೀವು ಜಗ್ಗಿದ್ರಿ."

ಬಾಗಿಲಲ್ಲಿ ಗಂಡಸರ ನಡುವೆ ನಿಂತಿದ್ದ ನಮ್ಮ ಮನೆಯವರನ್ನು ನೋಡಿದೆ. ಈ ಸಲ ಅವರು ನೆಲ ನೋಡಲಿಲ್ಲ, ವೈನಿಯನ್ನೇ ನೋಡುತ್ತಿದ್ದರು.

ಫಾಯದೆ ಏನೆಂದು ಬಾಯಿಂದ ಹೇಳಿ ಪ್ರಯೋಜನವಿರಲಿಲ್ಲ. ಎಡಗೈಯಿಂದ ಪಿನ್ನುಗಳನ್ನು ಕಿತ್ತು ತುಟಿಯಲ್ಲಿ ಹಿಡಿದೆ. ಕೂದಲು ಬೆನ್ನ ಮೇಲೆ ಬಿತ್ತು. ತೊಟ್ಟಿಲ ಕಾರ್ಯದಲ್ಲಿ ಹೆಂಗಸು ಕೂದಲು ಬಿಚ್ಚುವುದೇ ಎಂದು ಯಾರೋ ಹಿಂದಿನಿಂದ ಗೊಣಗಿದರು. ನಾನು ತಲೆ ಬಾಗಿಸಿ 'ಏಳು' ಎಂದು ಮನಸ್ಸಿನಲ್ಲೇ ಬಲಗೈಗೆ ಹೇಳಿದೆ. ಅದು ಎದ್ದಿತು. ನಿಧಾನವಾಗಿ, ಎದೆ ದಾಟಿ, ಗದ್ದ ದಾಟಿ, ಕಿವಿಯ ಹತ್ತಿರ ಬಂತು. ಎಡಗೈ ಸುತ್ತಿತು, ಬಲಗೈ ಹಿಡಿದುಕೊಂಡಿತು. ಬೆವರು ಹಣೆಯಿಂದ ಇಳಿದು ಕಣ್ಣಿಗೆ ಹೋಯಿತು. ಎರಡು ಸಲ ಜಾರಿತು. ಪಡಸಾಲೆಯಲ್ಲಿ ಕೂಸು ಒಂದೇ ಅಳುತ್ತಿತ್ತು.

ಮೂರನೆಯ ಸಲ ಜಾರುವಾಗ ವೈನಿ "ತಡಿ, ನಾ ಕಟ್ತೇನಿ" ಎಂದು ರೂಢಿಯಂತೆ ಕೈ ಚಾಚಿದರು. ನನ್ನ ಕೂದಲಿನ ಹತ್ತಿರ ಬಂದ ಅವರ ಕೈಗಳು ಅಲ್ಲೇ ನಿಂತವು. ನನ್ನ ಭುಜದ ಮೇಲೆ, ಕುಬುಸದ ಅಂಚಿನಲ್ಲಿ ಕಾಣುತ್ತಿದ್ದ ಹೊಲಿಗೆಯ ಗೆರೆಯನ್ನು ಅವರು ಅಂದೇ ಮೊದಲ ಸಲ ನೋಡಿದ್ದು. ಆಮೇಲೆ ಎರಡೂ ಕೈಗಳನ್ನು ಹಿಂದಕ್ಕೆ ತೆಗೆದು ತಮ್ಮ ಸೆರಗಿನಲ್ಲಿ ಸುತ್ತಿಕೊಂಡರು.

ಕೊನೆಯ ಪಿನ್ನು ಚುಚ್ಚಿದೆ. ತುರುಬು ಬಲಕ್ಕೆ ವಾಲಿತ್ತು. ಯಾರ ಕೈಯನ್ನೂ ಹಿಡಿಯದೆ ಎದ್ದು ಹೋಗಿ, ಎಡಗೈಯಿಂದ ತೊಟ್ಟಿಲು ತೂಗಿದೆ.